ಆಲೂಗಡ್ಡೆಯ ತವರಿನಲ್ಲಿ

ನಾವು ನಾಲ್ವರು ಗೆಳೆಯರು ಬೆನ್ನಿಗೆ ಚೀಲ ಏರಿಸಿ ಪೆರು ದೇಶದ ಊರು, ಸಂತೆಗಳನ್ನು ಸುತ್ತಿ ಬಂದೆವು. ಹೊರಡುವಾಗ ಮನೆಯ ಹಿರಿಯರದು ಒಂದೇ ಪ್ರಶ್ನೆ: “ಅಲ್ಲಿ ಉಣ್ಣೋದೇನು?” ಪ್ರಶ್ನೆ ಸಹಜವೇ. ಆಂಡೀಸ್ ಪರ್ವತಸೀಮೆ ಆಲೂಗಡ್ಡೆಯ ತವರು. ಸಾವಿರಾರು ತಳಿಗಳು ಅಲ್ಲಿವೆ. ನಾಲ್ವರಲ್ಲಿ ಕಂದಮೂಲ ಬಿಟ್ಟವನು ನಾನೊಬ್ಬನೇ.

ಕುಸ್ಕೊ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಹಳದಿ, ಕೆಂಪು, ನೇರಳೆ ಆಲೂಗಡ್ಡೆಯ ರಾಶಿಗಳು. ರಾತ್ರಿಯ ಹಿಮಕ್ಕಿಟ್ಟು, ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿದ ‘ಚುನ್ಯೊ’ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಪಕ್ಕದಲ್ಲೇ ಕಿನೋವಾ, ದಪ್ಪ ಗೋವಿನಜೋಳ, ಕಾಳುಕಡಿ, ಹಣ್ಣುಗಳೂ ಇದ್ದವು. ಸಾರಿನಲ್ಲಿ ಮಾಂಸದ ರಸವಿರುವ ಭಯದಿಂದ ನಾನು ತಂಗುಮನೆಯಲ್ಲೇ ಕಿನೋವಾ ಬೇಯಿಸಿಕೊಂಡು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಿದ್ದೆ. ಎತ್ತರದ ಊರಲ್ಲಿ ಹಗುರ ಊಟವೇ ಹಿತವೆಂದು ಗೆಳೆಯರೂ ಜೊತೆಗೂಡಿದರು.

ಅಲ್ಲಿ ವ್ಯಾಪಾರ ಮುಗಿದ ಮೇಲೆ ಒಂದು ಹಿಡಿ ಹೆಚ್ಚು ಹಾಕುವ ಪದ್ಧತಿಗೆ ‘ಯಾಪಾ’ ಎನ್ನುತ್ತಾರೆ. ನಮ್ಮ ಸಂತೆಯ ಕೊಸರೇ! ಕಾಳು ತೂಗಿದ ಅಜ್ಜಿ ಕೊಸರಿಗೆಂದು ಎರಡು ಆಲೂಗಡ್ಡೆ ಎತ್ತಿಕೊಂಡಳು. ಸ್ಪ್ಯಾನಿಷ್ ಬಲ್ಲ ಗೆಳೆಯನ ಮೂಲಕ, ಗೆಡ್ಡೆ ಕಿತ್ತರೆ ಅನಂತ ಜೀವಗಳಿಗೆ ಹಿಂಸೆಯೆಂಬ ನಮ್ಮ ನಂಬಿಕೆ ತಿಳಿಸಿದೆ. ತಾನು ಬೆಳೆದದ್ದನ್ನು ಬೇಡವೆಂದನಲ್ಲ ಎಂದು ನೊಂದುಕೊಳ್ಳುವಳೇನೋ ಎಂಬ ಅಳುಕಿತ್ತು. ಆಕೆ ತಲೆದೂಗಿ, ಆಲೂಗಡ್ಡೆ ಕೆಳಗಿಟ್ಟು ಒಂದು ಹಿಡಿ ಕಾಳು ಸುರಿದಳು. ಮರುದಿನ ಹೋದಾಗ ಕೇಳದೆಯೇ ಕಾಳು ಹಾಕಿದಳು.

ಗಿರಾಕಿಯ ನೇಮ ನೆನಪಿಡುವುದು ಒಳ್ಳೆಯ ವ್ಯಾಪಾರಿಯ ಗುಣ. ಪರದೇಶಕ್ಕೆ ಹೊರಟ ನಮ್ಮ ಮಕ್ಕಳು ಸಂಕೋಚ ಬಿಟ್ಟು, ವಿನಯದಿಂದ ತಮ್ಮ ನೇಮ ಹೇಳಿಕೊಳ್ಳಲಿ.