ಸೋರುವ ಮಾಳಿಗಿ, ಕಾಯದ ಹಲಗಿ

ಹಾಸ್ಟೆಲಿನ ಕೋಣೆಯಲ್ಲಿ ರಘು ದೀಕ್ಷಿತರ ತಂಡದ ಹಾಡು ಮೊದಲ ಸಲ ಕಿವಿಗೆ ಬಿದ್ದಾಗ ನಾವು ಬೆಪ್ಪಾಗಿ ಕೂತೆವು. ನಾವೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಕೇರಿಗಳಿಂದ ಬಂದ ಹುಡುಗರು. ಗಿಟಾರಿನ ಅಬ್ಬರದೊಳಗೆ ಬರುತ್ತಿದ್ದದ್ದು ನಮ್ಮ ಶಿಶುನಾಳ ಶರೀಫಜ್ಜನ ಪದ! ಏಕತಾರಿ, ತಾಳದ ಜೋಡಿ ರಾತ್ರಿಯೆಲ್ಲ ಭಜನಿಯಲ್ಲಿ ಕೇಳಿದ ಪದ. 2008ರಲ್ಲಿ ಬಂದ ಆ ತಂಡದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡಗುಡಿಯ ಪದವೂ ಇದೆ, ಸೋರುವ ಮಾಳಿಗೆಯ ಪದವೂ ಇದೆ.

ಸುಳ್ಳು ಯಾಕೆ, ಕುಣಿದೆವು. ಇಂಗ್ಲಿಷ್ ಬಾರದೆ ಕ್ಲಾಸಿನಲ್ಲಿ ತಲೆ ತಗ್ಗಿಸಿದ್ದ ನಮಗೆ ನಮ್ಮ ಸೀಮೆಯ ಮಾತು ಎದೆ ಉಬ್ಬಿಸಿತು. ಐರ್ಲೆಂಡಿನ ಹಾರ್ಸ್‌ಲಿಪ್ಸ್ ಎಂಬ ರಾಕ್ ತಂಡವೂ 1975ರಲ್ಲಿ ತಮ್ಮ ನೆಲದ ಹಳೆಯ ಹಾಡು, ಕುಣಿತದ ಧಾಟಿಗಳನ್ನೇ ಒಂದು ಆಲ್ಬಮ್ಮಿಗೆ ತಂದಿತ್ತು. ಇಂಗ್ಲಿಷರ ಆಳ್ವಿಕೆ ಉಂಡ ಜನಕ್ಕೆ ಅಜ್ಜ-ಅಜ್ಜಿಯರ ಧಾಟಿಯೆಂದರೆ ಬರೀ ಮೋಜಲ್ಲ, ತಾವು ಯಾರೆಂಬ ಗುರುತು.

ರಜೆಯಲ್ಲಿ ನಮ್ಮೊಳಗೊಬ್ಬನ ಅಪ್ಪನಿಗೆ ಹಾಡು ಕೇಳಿಸಿದೆವು. ಊರಿನ ಹಲಗಿ ಬಾರಿಸುವವ. ಕಣ್ಣು ಮುಚ್ಚಿ ಪೂರಾ ಕೇಳಿದ.

"ಛಲೋ ಐತಿ ತಮ್ಮಾ. ಮಾಳಿಗಿ ಅಂದ್ರ ದೇಹ ಅಂತ ಅರ್ಥ ಹೇಳ್ತಾರ. ನಮ್ಮ ಮಾಳಿಗಿ ಖರೇನ ಸೋರತೈತಿ. ಅದಿರ್ಲಿ, ಇದರಾಗ ನಮ್ಮ ಹಲಗಿ ಎಲ್ಲೈತಿ?"

ನಮ್ಮಲ್ಲಿ ಉತ್ತರವಿರಲಿಲ್ಲ.

ತಪ್ಪು ಆ ತಂಡದ್ದಲ್ಲ. ಮುಸಲ್ಮಾನನಾಗಿ ಹುಟ್ಟಿ ಗೋವಿಂದಭಟ್ಟರನ್ನು ಗುರುವೆಂದ ಶರೀಫರ ಪದಕ್ಕೆ ಯಾವ ಗೋಡೆ? ಯಾರಾದರೂ ಹಾಡಲಿ. ಆದರೆ ಪದ ದಾಟಿದ ಗೋಡೆಯನ್ನು ಹಲಗಿ ಬಾರಿಸುವ ಕೈ ಯಾಕೆ ದಾಟಲಿಲ್ಲ? ವೇದಿಕೆಯ ಮೇಲೆ ಹಲಗಿ ಕಲೆ, ಚಪ್ಪಾಳೆ. ಊರಲ್ಲಿ ಅದೇ ಹಲಗಿ ಹೆಣದ ಮುಂದಿನ ಬಿಟ್ಟಿ ಚಾಕರಿ. ಬಸವಣ್ಣ ಹುಟ್ಟಿದ ನೆಲದಲ್ಲೇ ಈ ಮಾತು ಬರೆಯಬೇಕಾಗಿದೆ.

ನಮ್ಮ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಮಾಡಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಎಂದು ಸಂಗ್ರಹಿಸಿದವರ ಹೆಸರು ನಮಗೆಲ್ಲ ಬಾಯಿಪಾಠ. ದೊಡ್ಡ ಕೆಲಸವೇ ಅದು. ಆದರೆ ಬೀಸುಕಲ್ಲಿನ ಮುಂದೆ ಆ ಪದ ಕಟ್ಟಿದ ಅವ್ವಂದಿರ ಹೆಸರು ಯಾರಿಗೆ ಗೊತ್ತು? ಹಾಡು ಉಳಿಯಿತು, ಹಾಡಿದವಳು ಅಳಿದಳು.

ಮೇಷ್ಟ್ರೇ, ಗೆಳೆಯರೇ, ನಿಮ್ಮೂರಿನ ಪದ ಬರೆದುಕೊಳ್ಳುವಾಗ ಹಾಡಿದವರ ಹೆಸರು, ಕೇರಿ ಮೊದಲು ಬರೆಯಿರಿ. ಹಲಗಿಗೆ ಕೂಲಿ ಕೇಳಿರಿ. ಒಲ್ಲೆನೆಂದವನ ಕೈಗೆ ಒತ್ತಾಯದಿಂದ ಹಲಗಿ ಕೊಟ್ಟರೆ ಅಡ್ಡ ನಿಲ್ಲಿರಿ.

ಆ ಸಂಜೆ ಅಪ್ಪ ಗೂಟದ ಹಲಗಿ ಇಳಿಸಿ ಜ್ವಾಳದ ಕಣಕಿಯ ಬೆಂಕಿಗೆ ಹಿಡಿದ. "ಕಾಸದ ನುಡಿಯೂದಿಲ್ಲ," ಅಂದ. ಯಾರ ಹೆಣವೂ ಇರಲಿಲ್ಲ, ಯಾರ ಹುಕುಮೂ ಇರಲಿಲ್ಲ. ಅವನು ತನಗಾಗಿ ಬಾರಿಸಿದ. ನಾವು ಮೊಬೈಲು ಬಂದ್ ಮಾಡಿ ಕೇಳಿದೆವು.