ಎನೆಸ್ಕುವಿನ ಪಿಟೀಲು

ಜಾರ್ಜ್ ಎನೆಸ್ಕು ಎಂದರೆ ನಮ್ಮ ಕಾಮರ್ಸ್ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. 1952ರಲ್ಲಿ ನಮ್ಮ ಮುಂಬಯಿಗೆ ಬಂದು ನುಡಿಸಿಹೋದ ಯೆಹೂದಿ ಮೆನುಹಿನ್ ಅವರ ಗುರು ಈತ ಅಂದರೆ ಹಿರಿಯರು ಯಾರಾದರೂ ಗುರುತು ಹಿಡಿದಾರು.

1881ರಲ್ಲಿ ರುಮೇನಿಯಾದ ಲಿವೆನಿ ಎಂಬ ಹಳ್ಳಿಯಲ್ಲಿ ಹುಟ್ಟಿದ. ಮುಂಚೆ ಹುಟ್ಟಿದ ಮಕ್ಕಳೆಲ್ಲ ಎಳವೆಯಲ್ಲೇ ತೀರಿಹೋಗಿದ್ದವು. ಮೊದಲ ಪಾಠ ಜಿಪ್ಸಿ ಪಿಟೀಲುಗಾರನೊಬ್ಬನ ಹತ್ತಿರ. ಏಳನೆಯ ವಯಸ್ಸಿಗೆ ವಿಯೆನ್ನಾದ ಸಂಗೀತ ಶಾಲೆ, 1895ರಲ್ಲಿ ಪ್ಯಾರಿಸ್. ವಿದ್ಯೆಯೆಲ್ಲ ಪರಊರಲ್ಲಿ, ಪರಭಾಷೆಯಲ್ಲಿ.

ಇಲ್ಲೇ ನೋಡಿ, ನನ್ನ ಕಿವಿ ನೆಟ್ಟಗಾದದ್ದು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ನಾನು ಈಗ ಎಲ್ಲವನ್ನೂ ಇಂಗ್ಲಿಷಿನಲ್ಲಿ ಉರು ಹಾಕುತ್ತೇನೆ. ಊರಿಗೆ ಹೋದಾಗ ಅಜ್ಜಿ "ಏನ ಕಲಿಯಾಕತ್ತೀಯೋ ತಮ್ಮಾ?" ಅಂದರೆ ಮಾತೇ ಹೊಳೆಯುವುದಿಲ್ಲ. ಹೀಗೇ ಹೋದರೆ ನನ್ನೊಳಗೆ ಉಳಿಯೋದೇನು?

ಎನೆಸ್ಕು ಇಪ್ಪತ್ತು ತುಂಬುವ ಹೊತ್ತಿಗೆ, 1901ರಲ್ಲಿ, ಎರಡು ರುಮೇನಿಯನ್ ರಾಪ್ಸೊಡಿಗಳನ್ನು ಬರೆದ. ಮೊದಲನೆಯದು ಶುರುವಾಗುವುದೇ ಇದ್ದ ಒಂದು ನಾಣ್ಯವನ್ನೂ ಕುಡಿದು ಮುಗಿಸಹೊರಟವನ ಜನಪದ ಹಾಡಿನ ಮಟ್ಟಿನಿಂದ. (ನಮ್ಮ ಅಕೌಂಟೆನ್ಸಿ ಮೇಷ್ಟ್ರು ಒಪ್ಪಲಾರರು!) ಅದರ ಜನಪ್ರಿಯತೆ ಅವನ ಉಳಿದ ಕೃತಿಗಳನ್ನು ನುಂಗಿಬಿಟ್ಟಿತು.

ಆದರೆ ನನಗೆ ದೊಡ್ಡದೆನಿಸುವುದು 1926ರ ಮೂರನೆಯ ಪಿಟೀಲು ಸೊನಾಟಾ. ಅದರಲ್ಲಿ ಎರವಲು ತಂದ ಜನಪದ ಮಟ್ಟು ಒಂದೂ ಇಲ್ಲ. ಆದರೂ ಹಳ್ಳಿಯ ಪಿಟೀಲುಗಾರ ಸ್ವರದಿಂದ ಸ್ವರಕ್ಕೆ ಜಾರುವ ರೀತಿ, ಎರಡು ಸ್ವರಗಳ ನಡುವಿನ ಎಳೆ, ಎಲ್ಲವೂ ಇದೆ. ವಿಯೆನ್ನಾ, ಪ್ಯಾರಿಸ್ಸಿನಲ್ಲಿ ಕಲಿತ ಸ್ವರಲಿಪಿಯಲ್ಲೇ ಅದನ್ನೆಲ್ಲ ಒಂದೊಂದಾಗಿ ಗುರುತು ಹಾಕಿ ಬರೆದಿಟ್ಟ. ಅರವತ್ತರ ಹತ್ತಿರ, 1940ರಲ್ಲಿ, ಬಾಲ್ಯದ ನೆನಪುಗಳನ್ನೇ ಪಿಟೀಲು-ಪಿಯಾನೊಗಳಿಗೆ ಬರೆದ: ಊರ ಪಿಟೀಲುಗಾರ, ಪಂಜರದ ಹಕ್ಕಿ, ಜೀರುಂಡೆ, ಹೊಗೆಗೂಡಿನ ಗಾಳಿ.

ಸಂಖ್ಯೆ ಕೊಟ್ಟು ಪ್ರಕಟಿಸಿದ ಕೃತಿಗಳು 33 ಮಾತ್ರ. 1946ರಲ್ಲಿ ದೇಶ ಬಿಟ್ಟವನು ಮತ್ತೆ ಮರಳಲಿಲ್ಲ. 1955ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಹುಟ್ಟಿದ ಹಳ್ಳಿಗೆ ಈಗ ಅವನದೇ ಹೆಸರು.

ಊರು ತಾನಾಗಿ ಅವನೊಳಗೆ ಉಳಿಯಲಿಲ್ಲ, ಗೆಳೆಯರೆ. ಕೂತು ಬರೆದು ಉಳಿಸಿಕೊಂಡ. ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಅಜ್ಜಿಗೆ ತಿಳಿಯುವಂತೆ ನನ್ನ ಪಾಠಗಳನ್ನು ಬರೆಯಲು. ಡಿಪ್ರಿಸಿಯೇಶನ್ನಿಗೆ ಸವಕಳಿ ಸಿಕ್ಕಿತು. ಸದ್ಯ ಗುಡ್‌ವಿಲ್ ಹತ್ತಿರ ಗಾಡಿ ನಿಂತಿದೆ.