ಜಾಕೆಟ್ಟಿನ ಬದಲು ಫೋನು

ಬೆಟ್ಟದ ಓಟದ ದಿನ ಬೆಳಿಗ್ಗೆ ಕಿಟ್ ಚೆಕ್ ಮೇಜಿನ ಹಿಂದೆ ಕೂತವರಿಗೆ ಈಗೀಗ ಒಂದೇ ಉತ್ತರ ಮತ್ತೆ ಮತ್ತೆ ಸಿಗುತ್ತಿದೆ. ಜಾಕೆಟ್ ಎಲ್ಲಿ ಎಂದು ಕೇಳಿದರೆ ಫೋನು ತೆಗೆದು ತೋರಿಸುತ್ತಾರೆ. ಹೋದ ಸೀಸನ್ನಿನಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಓಟವೊಂದಕ್ಕೆ ಮ್ಯಾಂಚೆಸ್ಟರಿನಿಂದ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ, ನಾನೂ ಕನ್ನಡದವನೆಂದು ಗೊತ್ತಾದ ಖುಷಿಯಲ್ಲಿ, ‘ಸರ್, ಬಿಸಿಲು ಚೆನ್ನಾಗೇ ಇದೆಯಲ್ಲ. ಏನಾದ್ರೂ ಆದ್ರೆ ಫೋನ್ ಮಾಡ್ತೀನಿ ಬಿಡಿ’ ಎಂದ. ‘ಮಾಡು. ಅವರು ಬರೋವರೆಗೆ ಏನು ಹೊದ್ಕೊಂಡು ಕೂತಿರ್ತೀಯಪ್ಪ?’ ಎಂದೆ. ಅವನ ಹತ್ತಿರ ಉತ್ತರವಿರಲಿಲ್ಲ. ಯಾರದೋ ಕಾರಿನಲ್ಲಿದ್ದ ಜಾಕೆಟ್ಟನ್ನು ಎರವಲು ತಂದ ಮೇಲೇ ಅವನಿಗೆ ನಂಬರು ಕೊಟ್ಟೆ.

ಇದು ಅವನೊಬ್ಬನ ಮಾತಾಗಿದ್ದರೆ ಮರೆತುಬಿಡಬಹುದಿತ್ತು. ನಮ್ಮ ಕ್ಲಬ್ಬಿನಲ್ಲೇ ಈಗ ಎರಡು ಪಂಗಡ. ಓಡುವ ಪ್ರತಿಯೊಬ್ಬರ ಸೊಂಟದ ಚೀಲದಲ್ಲೂ ಮೊಬೈಲು ಕಡ್ಡಾಯವಾಗಲಿ ಎನ್ನುವವರು ಒಂದು ಕಡೆ. ಬೆಟ್ಟಕ್ಕೆ ಮೊಬೈಲು ಹೊತ್ತು ತರುವುದೇ ಮೈಲಿಗೆ ಎನ್ನುವ ಹಳಬರು ಇನ್ನೊಂದು ಕಡೆ. ಮಾಂಟ್ ಬ್ಲಾಂಕನ್ನು ಸುತ್ತುವ ಯುಟಿಎಂಬಿ ಓಟದಲ್ಲಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಹಾಯಬೇಕು. ಅಲ್ಲಿ ರೋಮಿಂಗ್ ಇರುವ ಫೋನು ಕಡ್ಡಾಯ. ಬ್ರಿಟನ್ನಿನ ಬೆಟ್ಟದ ಓಟಗಳ, ಅಂದರೆ ಫೆಲ್ ಓಟಗಳ, ಹಳೆಯ ಪಟ್ಟಿ ಬೇರೆ: ಮೈಪೂರ್ತಿ ಮುಚ್ಚುವ ವಾಟರ್‌ಪ್ರೂಫ್, ಟೋಪಿ, ಗ್ಲೌಸು, ಮ್ಯಾಪು, ದಿಕ್ಸೂಚಿ, ಸೀಟಿ, ಆಪತ್ತಿಗೆಂದು ಒಂದಿಷ್ಟು ತಿಂಡಿ. ಈ ಪಟ್ಟಿ ನನಗೆ ಇಷ್ಟ. ಇದರಲ್ಲಿರುವ ಒಂದೊಂದು ವಸ್ತುವೂ, ನೀವು ಬಿದ್ದ ಜಾಗದಲ್ಲೇ, ಬೇರೆ ಯಾರ ಹಂಗೂ ಇಲ್ಲದೆ ಕೆಲಸ ಮಾಡುತ್ತದೆ.

ಬೆಟ್ಟದ ಓಟದ ಸುಖವೇ ಆ ಹಂಗಿಲ್ಲದ ಸುಖ. ಲೇಕ್ ಡಿಸ್ಟ್ರಿಕ್ಟಿನ ಬೊರೋಡೇಲ್ ಓಟವನ್ನೇ ತೆಗೆದುಕೊಳ್ಳಿ. ರಾಸ್ತ್‌ವೇಟ್ ಹಳ್ಳಿಯಲ್ಲಿ ಹೊರಟು, ಬೆಸಿಬೂಟ್ ಹತ್ತಿ, 978 ಮೀಟರಿನ ಸ್ಕಾಫೆಲ್ ಪೈಕ್ ಮುಟ್ಟಿ, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಜಾರುತ್ತಾ ಇಳಿದು, ಮತ್ತೆ ಗ್ರೇಟ್ ಗೇಬಲ್, ಕೊನೆಗೆ ಡೇಲ್ ಹೆಡ್. ಒಟ್ಟು 17 ಮೈಲಿ. ಆ ಸಡಿಲ ಕಲ್ಲಿನಲ್ಲಿ ಇಳಿಯುವಾಗ ಕಾಲಿಡುವ ಕಲ್ಲನ್ನು ನೋಡಬಾರದು. ಅದಕ್ಕೂ ನಾಲ್ಕು ಹೆಜ್ಜೆ ಮುಂದಿನ ಕಲ್ಲನ್ನು ನೋಡಬೇಕು. ಹಿಮ್ಮಡಿ ಊರಿದಲ್ಲಿ ಕಲ್ಲುಗಳು ಸರ್ರನೆ ಸರಿದು ನಮ್ಮ ಜೊತೆಗೇ ಕೆಳಕ್ಕೆ ಹರಿಯುತ್ತವೆ. ತೊಡೆ ಉರಿಯುತ್ತಿದ್ದರೂ ಮನಸ್ಸು ಅಷ್ಟು ನಿಚ್ಚಳವಾಗಿರುವ ಗಳಿಗೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಅದೇ ಇಳಿಜಾರಿನಲ್ಲಿ ಪಾದ ಉಳುಕಿತೆನ್ನಿ. ಓಡುವವನ ಮೈಯೇ ಒಲೆ, ನಿಂತ ಕೂಡಲೇ ಆರತೊಡಗುತ್ತದೆ. ಮೈಮೇಲಿರುವುದು ಬೆವರಿಗೆ ನೆನೆದ ತೆಳು ಬನಿಯನ್ನು. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆ, ಗಾಳಿಯದು ಬೇರೆ ಲೆಕ್ಕ. ಬೊರೋಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಆಗುಂಬೆಯಲ್ಲಿ ಅದರ ಎರಡು ಪಟ್ಟಿಗೂ ಮೀರಿ ಸುರಿಯುತ್ತದೆ, ನಿಜ. ಆದರೆ ಆಗುಂಬೆಯ ಮಳೆಯಲ್ಲಿ ದಿನವಿಡೀ ತೊಯ್ದು ತಿರುಗಿದ ನನಗೆ ಸೀತ್‌ವೇಟ್‌ನ ಮಳೆಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಿರುವ ಧೈರ್ಯವಿಲ್ಲ. ಬೆರಳು ಮರಗಟ್ಟುತ್ತದೆ, ಹಲ್ಲು ಕಟಕಟಿಸುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ. ಇಲ್ಲಿನ ರಕ್ಷಣಾ ತಂಡದವರೆಲ್ಲ ಸ್ವಯಂಸೇವಕರು. ಕರೆ ಮುಟ್ಟಿದ ಮೇಲೆ ಕೆಲಸ ಬಿಟ್ಟು, ಬೂಟು ಕಟ್ಟಿ, ಸ್ಟ್ರೆಚರ್ ಹೊತ್ತು ಹತ್ತಿ ಬರಬೇಕು. ಆ ನಡುವಿನ ಹೊತ್ತನ್ನು ಫೋನು ತುಂಬಿಕೊಡುವುದಿಲ್ಲ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೂರು ಕಿಲೋಮೀಟರಿನ ಓಟ, 172 ಮಂದಿ. ಮಧ್ಯಾಹ್ನದ ಹೊತ್ತಿಗೆ ಎತ್ತರದ ಬೋಳು ಬೆಟ್ಟದ ಮೇಲೆ ಆಲಿಕಲ್ಲು, ಹಿಮಮಳೆ, ಬಿರುಗಾಳಿ ಒಟ್ಟಿಗೇ ಎರಗಿದವು. ಓಟಗಾರರ ಕೈಯಲ್ಲಿ ಫೋನಿತ್ತು, ಜಿಪಿಎಸ್ ಟ್ರ್ಯಾಕರ್ ಇತ್ತು, ಸಹಾಯ ಕೇಳಿ ಸಂದೇಶಗಳೂ ಹೋದವು. ಗಾಳಿ ತಡೆಯುವ ಜಾಕೆಟ್ ಮಾತ್ರ ಕಡ್ಡಾಯದ ಪಟ್ಟಿಯಲ್ಲಿರಲಿಲ್ಲ. ಇಪ್ಪತ್ತೊಂದು ಜನ ಸತ್ತರು. ಆ ದೇಶದ ಅತಿ ದೊಡ್ಡ ದೂರದೋಟಗಾರರಲ್ಲಿ ಒಬ್ಬನಾದ ಲಿಯಾಂಗ್ ಜಿಂಗ್ ಕೂಡ ಅವರಲ್ಲಿದ್ದ. ಆರು ಮಂದಿಯನ್ನು ಉಳಿಸಿದವನು ಝು ಕೆಮಿಂಗ್ ಎಂಬ ಕುರಿ ಕಾಯುವವ. ತಾನು ಆಸರೆ ಪಡೆದಿದ್ದ ಗುಹೆಗೆ ಅವರನ್ನು ಕರೆದೊಯ್ದು, ಬೆಂಕಿ ಹಾಕಿ, ಕೌದಿ ಹೊದಿಸಿದ. ಫೋನು ಕಡ್ಡಾಯವಾದರೆ ಸುರಕ್ಷತೆ ಬಂದಂತೆ ಎನ್ನುವವರು ಈ ಓಟದ ಕಥೆಯನ್ನು ಒಮ್ಮೆ ಕೂತು ಓದಬೇಕು.

ಇನ್ನು ಹಳಬರ ಪಂಗಡ. ಇವರ ಬಾಯಲ್ಲಿ ಸದಾ ಜಾಸ್ ನೇಯ್ಲರ್ ಹೆಸರು. ವಾಸ್‌ಡೇಲ್ ಕಣಿವೆಯ ಆ ಕುರುಬ 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದವನು. 2024ರಲ್ಲಿ, 88ನೇ ವಯಸ್ಸಿಗೆ ತೀರಿಕೊಂಡ. ನನಗೂ ಅವನೆಂದರೆ ಭಕ್ತಿ. ಆದರೆ ಅವನ ಕಾಲದಲ್ಲಿ ಫೋನಿರಲಿಲ್ಲ ಎಂದು ನಮಗೆ ಬುದ್ಧಿ ಹೇಳುವುದು ಅನ್ಯಾಯ. ಆ ಬೆಟ್ಟಗಳಲ್ಲಿ ಅವನು ಹುಟ್ಟಿ ಬೆಳೆದವನು, ಕುರಿ ಹುಡುಕುತ್ತಾ ಮಂಜಿನಲ್ಲಿ ಅಲೆದವನು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಬೆಳಿಗ್ಗೆ ಕಾರಿನಲ್ಲಿ ಬಂದಿಳಿಯುವವರು ಅವನ ಹೆಸರು ಹೇಳಿ ಫೋನು ಮನೆಯಲ್ಲಿ ಬಿಟ್ಟರೆ ಅದರಲ್ಲಿ ಹೆಗ್ಗಳಿಕೆ ಏನಿದೆ?

ನಾನು ಫೋನು ಒಯ್ಯುತ್ತೇನೆ. ಒಯ್ಯುವ ಕ್ರಮದ ಬಗ್ಗೆ ಮಾತ್ರ ತುಂಬಾ ಹಟಮಾರಿ. ಹೊರಡುವ ಮೊದಲು ಪೂರ್ತಿ ಚಾರ್ಜ್ ಮಾಡಿ ಫ್ಲೈಟ್ ಮೋಡಿಗೆ ಹಾಕಬೇಕು. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಫೋನು ಟವರಿಗಾಗಿ ತಡಕಾಡಿ ತಡಕಾಡಿಯೇ ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ. ಆಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ ಎದೆಯ ಹತ್ತಿರ ಒಳಜೇಬಿನಲ್ಲಿ ಇಡಬೇಕು. ಚೀಲದ ಹೊರಜೇಬಿನಲ್ಲಿಟ್ಟ ಫೋನು ಚಳಿಗೆ ಬೇಗ ಸೋಲುತ್ತದೆ. ಲಿಥಿಯಂ ಬ್ಯಾಟರಿಗೆ ಥಂಡಿ ಆಗಿಬರುವುದಿಲ್ಲ. ಅದೇ ಕವರಿನಲ್ಲಿ ಮಡಚಿದ ಒಂದು ಒಣ ಕರವಸ್ತ್ರ ಇರಲೇಬೇಕು. ಮಳೆಯಲ್ಲಿ ಟಚ್ ಸ್ಕ್ರೀನು ಬಳಸಿ ನೋಡಿದವರಿಗೆ ಇದರ ಬೆಲೆ ಗೊತ್ತು. ಬೆರಳು ಒತ್ತಿದ್ದು ಅದಕ್ಕೆ ತಿಳಿಯುವುದಿಲ್ಲ, ಹನಿ ಬಿದ್ದಲ್ಲೆಲ್ಲ ತಾನೇ ಏನೇನೋ ತೆರೆಯುತ್ತದೆ. ಪಕ್ಕದ ಬಟನ್ ಸತತವಾಗಿ ಒತ್ತಿದರೆ ತುರ್ತು ಕರೆ ಹೋಗುವಂತೆ ಮನೆಯಲ್ಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ಬ್ರಿಟನ್ನಿನಲ್ಲಾದರೆ 999ಕ್ಕೆ ಮೊದಲೇ ‘ರಿಜಿಸ್ಟರ್’ ಎಂದು ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸಿರಬೇಕು, ಮಾತು ಹೋಗದ ಕಡೆಯಿಂದಲೂ ಕೆಲವೊಮ್ಮೆ ಮೆಸೇಜು ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕತ್ತಿಗೆ ಸೀಟಿ ನೇತುಹಾಕಿಕೊಳ್ಳುತ್ತೇನೆ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ. ಕೂಗಳತೆಯಾಚೆ ಇರುವವನಿಗೂ ಅದು ಕೇಳುತ್ತದೆ, ಚಾರ್ಜ್ ಬೇಡ.

ಆದರೆ ನನ್ನನ್ನು ನಿಜಕ್ಕೂ ಕೆರಳಿಸುವ ಸಂಗತಿ ಬೇರೆಯೇ ಇದೆ. ಅದು ಎದೆಯ ಮೇಲಿನ ನಂಬರು.

ಮಂಜು ಮುಸುಕಿದ ನೆತ್ತಿಯಲ್ಲಿ ಮಾರ್ಷಲ್ ಆಗಿ ನಿಂತು ನೋಡಿ. ಪೆನ್ನು ಒದ್ದೆ ಕಾಗದದ ಮೇಲೆ ಬರೆಯುವುದಿಲ್ಲ, ಆದ್ದರಿಂದ ಪೆನ್ಸಿಲು. ಗ್ಲೌಸಿನ ಕೈಯಲ್ಲಿ ಅದನ್ನು ಹಿಡಿದು, ಹಲಗೆಗೆ ಕ್ಲಿಪ್ ಹಾಕಿದ ಕಾಗದವನ್ನು ಮೈಯಿಂದ ಮರೆಮಾಡಿ, ಬರುವ ಒಬ್ಬೊಬ್ಬರ ನಂಬರು ಗುರುತು ಹಾಕಬೇಕು. ಒಂದೇ ಸಲ ಏಳೆಂಟು ಜನ ನುಗ್ಗಿ ಬರುತ್ತಾರೆ. ಅವರಲ್ಲಿ ಮೂವರ ನಂಬರು ಜಾಕೆಟ್ಟಿನ ಅಡಿಯಲ್ಲಿ. ಒಬ್ಬ ಅಂದಕ್ಕೆಂದು ಅದನ್ನು ಮಡಚಿ ಅಂಗೈಯಗಲ ಮಾಡಿ ತೊಡೆಗೆ ಚುಚ್ಚಿಕೊಂಡಿದ್ದಾನೆ. ‘ನಂಬರ್!’ ಎಂದು ಕಿರುಚಿದರೆ ಗಾಳಿಯಲ್ಲಿ ಏನೋ ಗೊಣಗಿ ಹೋಗುತ್ತಾನೆ. ಅರವತ್ತಾರೋ ಎಪ್ಪತ್ತಾರೋ? ಅವನು ಮುಂದಿನ ಚೆಕ್‌ಪಾಯಿಂಟಿಗೆ ಬರದಿದ್ದರೆ ರಕ್ಷಣಾ ತಂಡ ಯಾರನ್ನು, ಬೆಟ್ಟದ ಯಾವ ಮಗ್ಗುಲಲ್ಲಿ ಹುಡುಕಬೇಕು? ಜಾಕೆಟ್ ಹಾಕಿದ ಮೇಲೆ ನಂಬರನ್ನು ಮೇಲೆ ತೆಗೆದು ಚುಚ್ಚಿಕೊಳ್ಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸುವವನೇ ಸಭೆಯಲ್ಲಿ ಎದ್ದು ನಿಂತು ಸುರಕ್ಷತೆಗೆ ಫೋನು ಬೇಕೆಂದು ಭಾಷಣ ಮಾಡುತ್ತಾನೆ.

ಇದಕ್ಕಿಂತ ಕೆಟ್ಟದ್ದು, ಓಟ ಅರ್ಧಕ್ಕೆ ಬಿಟ್ಟು ಹೇಳದೆ ಕೇಳದೆ ಮನೆಗೆ ಹೋಗಿಬಿಡುವುದು. ಕತ್ತಲಾಗುವವರೆಗೆ ನಾಲ್ಕಾರು ಜನ ಟಾರ್ಚ್ ಹಿಡಿದು ಅವನನ್ನು ಹುಡುಕಿ ಮಳೆಯಲ್ಲಿ ತಿರುಗುತ್ತಿರುವಾಗ ಅವನು ಮನೆಯಲ್ಲಿ ಬಿಸಿನೀರಿನ ಸ್ನಾನ ಮುಗಿಸಿರುತ್ತಾನೆ. ಇಂಥವರ ಬಗ್ಗೆ ನನಗೆ ಕ್ಷಮೆಯಿಲ್ಲ. 2012ರ ಏಪ್ರಿಲಿನಲ್ಲಿ ಬಟರ್‌ಮಿಯರ್ ಹತ್ತಿರದ ಸೈಲ್‌ಬೆಕ್ ಓಟದಲ್ಲಿ ಒಬ್ಬರು ಚಳಿಗೆ ಸಿಕ್ಕಿ ತೀರಿಕೊಂಡರು. ಆಮೇಲೆ ಫೆಲ್ ರನ್ನರ್ಸ್ ಅಸೋಸಿಯೇಷನ್ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ಹೊರಟವರೆಷ್ಟು, ಬಂದವರೆಷ್ಟು, ನಡುವೆ ಬಿಟ್ಟವರೆಷ್ಟು ಎಂಬ ಲೆಕ್ಕ ತಾಳೆಯಾಗುವವರೆಗೆ ಓಟ ಮುಗಿದಂತಲ್ಲ.

ಲೆಕ್ಕ ಕೈಗೆ ಸಿಗದಿದ್ದರೆ ಏನಾಗುತ್ತದೆಂದು 2008ರ ಅಕ್ಟೋಬರಿನಲ್ಲಿ ಇಡೀ ಬ್ರಿಟನ್ ನೋಡಿತು. ಅದೇ ಬೊರೋಡೇಲಿನಲ್ಲಿ ಎರಡು ದಿನದ ಒರಿಜಿನಲ್ ಮೌಂಟನ್ ಮ್ಯಾರಥಾನ್. ಬಿರುಮಳೆಗೆ ಹಳ್ಳ ಉಕ್ಕಿ, ರಸ್ತೆ ಮುಳುಗಿ, ಓಟ ನಿಂತಿತು. ಸುಮಾರು 1,700 ಮಂದಿಯ ಸುಳಿವಿಲ್ಲ ಎಂದು ರಾತ್ರಿಯೆಲ್ಲ ಸುದ್ದಿ. ಕಣಿವೆಯಲ್ಲಿ ಮೊಬೈಲು ಸಿಗ್ನಲ್ ಇಲ್ಲದ್ದರಿಂದ ಮನೆಯವರ ಕರೆ ಯಾವುದೂ ಮುಟ್ಟಲಿಲ್ಲ, ಮುಟ್ಟದ ಒಂದೊಂದು ಕರೆಯೂ ಗಾಬರಿ ಹೆಚ್ಚಿಸಿತು. ಓಟಗಾರರಾದರೋ ನಿಯಮದಂತೆ ಡೇರೆ, ಮಲಗುಚೀಲ, ಊಟ ಹೊತ್ತಿದ್ದರು. ಕೆಲವರು ಡೇರೆಯಲ್ಲಿ, ಕೆಲವರು ತೋಟದ ಮನೆಗಳಲ್ಲಿ, ಕೆಲವರು ಹೊನಿಸ್ಟರ್ ಕಲ್ಲುಗಣಿಯಲ್ಲಿ ರಾತ್ರಿ ಕಳೆದರು. ಒಬ್ಬರೂ ಸಾಯಲಿಲ್ಲ.

ನಮ್ಮ ಕರ್ನಾಟಕದ ಕಡೆಯೂ ಈಗ ಬೆಟ್ಟದ ಓಟದ ಹುರುಪು ಹಬ್ಬಿದೆ. ಮಲ್ನಾಡ್ ಅಲ್ಟ್ರಾದಂಥ ಓಟಗಳು ಕಾಫಿ ತೋಟಗಳ ನಡುವೆ ನಡೆಯುತ್ತವೆ. ಅಲ್ಲಿನ ಅಪಾಯಗಳ ಬಗೆ ಬೇರೆ: ತೋಟದ ದಾರಿಗಳು ಒಂದರಂತೆ ಒಂದು ಕವಲೊಡೆಯುತ್ತವೆ, ಸೆಕೆ ಮೈ ಹಿಂಡುತ್ತದೆ, ಆನೆಯ ಭಯ ಇರುವ ಕಡೆ ಇದ್ದೇ ಇದೆ. ಫೋನಿನ ಪಾಡು ಮಾತ್ರ ಒಂದೇ. ಗುಡ್ಡದ ಒಂದು ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್, ಇನ್ನೊಂದು ತಿರುವಿನಲ್ಲಿ ಸೊನ್ನೆ.

ಬರುವ ತಿಂಗಳು ಕ್ಲಬ್ಬಿನ ಸಭೆಯಲ್ಲಿ ಫೋನು ಕಡ್ಡಾಯದ ಪ್ರಸ್ತಾಪ ಮತಕ್ಕೆ ಬರುತ್ತದೆ. ನಾನು ಅದರ ಪರವಾಗಿ ಕೈ ಎತ್ತುವವನೇ, ಎರಡು ಷರತ್ತಿನ ಮೇಲೆ. ಪಟ್ಟಿಯಲ್ಲಿ ಫೋನು ಕೊನೆಯದಾಗಿರಬೇಕು, ಕಿಟ್ ಚೆಕ್ಕಿನಲ್ಲಿ ಜಾಕೆಟ್ಟನ್ನು ಬಿಚ್ಚಿಸಿ, ಹೊಲಿಗೆ ಮುಟ್ಟಿ ನೋಡಿದ ಮೇಲೇ ಅದರ ಸರದಿ. ಮತ್ತೆ, ನೆತ್ತಿಯಲ್ಲಿ ನಂಬರು ಕಾಣದಂತೆ ಓಡಿದವನ ಹೆಸರು ಫಲಿತಾಂಶದಲ್ಲಿ ಬರಬಾರದು, ಅವನು ಮೊದಲನೆಯವನಾಗಿ ಬಂದಿದ್ದರೂ.